ಒಂದು ಚೌಕದೊಳಗೆ ಎಂಟು ಸೈಟು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯಾರನ್ನೇ ಕೇಳಿ, "ನಮ್ಮ ಕಾಲದಲ್ಲಿ ಊರ ತುಂಬ ಮರ ಇತ್ತು, ಈಗೆಲ್ಲಿದೆ?" ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಎಷ್ಟಿತ್ತು, ಎಷ್ಟು ಹೋಯಿತು, ಯಾವ ವರ್ಷ ಯಾವ ಬೀದಿಯಲ್ಲಿ ಹೋಯಿತು ಎಂದು ಮರುಪ್ರಶ್ನೆ ಹಾಕಿದರೆ ನೆನಪು ಕೈಕೊಡುತ್ತದೆ. ನಾನು ಭೂಗೋಳ ಪಾಠ ಹೇಳುವವಳು. ಉಪಗ್ರಹದ ಚಿತ್ರಗಳನ್ನು ಓದುವುದು ಹೇಗೆ ಎಂದು ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ಊರಿನ ಹಸಿರನ್ನು ವರ್ಷದಿಂದ ವರ್ಷಕ್ಕೆ ಅಳೆಯುವುದು ಹೇಗೆ, ಹಾಗೆ ಅಳೆಯುವಾಗ ನಮ್ಮ ಕಣ್ತಪ್ಪಿ ಹೋಗುವುದೇನು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಎರಡು ಲೆಕ್ಕ ಕೇಳಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ಮಾಡಿದ ಅಧ್ಯಯನದ ಪ್ರಕಾರ, 1973ರಲ್ಲಿ ಬೃಹತ್ ಬೆಂಗಳೂರಿನ ಶೇಕಡ 68ರಷ್ಟು ಜಾಗದಲ್ಲಿ ಹಸಿರು ಹೊದಿಕೆ ಇತ್ತು. 2013ರ ಹೊತ್ತಿಗೆ ಅದು ಶೇಕಡ 15ಕ್ಕಿಂತ ಕೆಳಗೆ ಇಳಿದಿತ್ತು. ಇನ್ನೊಂದು ಲೆಕ್ಕ ಭಾರತೀಯ ಅರಣ್ಯ ಸರ್ವೇಕ್ಷಣೆಯದು. 2021ರ ವರದಿಯಲ್ಲಿ ಬೆಂಗಳೂರಿನ ಅರಣ್ಯ ಹೊದಿಕೆ ಸುಮಾರು 89 ಚದರ ಕಿಲೋಮೀಟರ್. 2011ರಲ್ಲಿ 94 ಇತ್ತು. ಅಂದರೆ ಹತ್ತು ವರ್ಷದಲ್ಲಿ ಹೋದದ್ದು 5 ಚದರ ಕಿಲೋಮೀಟರ್.

ಒಂದನ್ನು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಇನ್ನೊಂದನ್ನು ಕೇಳಿದರೆ ಅಷ್ಟೇನೂ ಆಗಿಲ್ಲವಲ್ಲ ಅನ್ನಿಸುತ್ತದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಅಳತೆಗೋಲು ಬೇರೆ, ಅಷ್ಟೆ. ನೋಡಿದ ಕಾಲ ಬೇರೆ, ಎಳೆದ ಗಡಿ ಬೇರೆ, ಹಸಿರು ಎಂದು ಕರೆದದ್ದೂ ಬೇರೆ. ಸರ್ವೇಕ್ಷಣೆಯವರು ಅರಣ್ಯ ಹೊದಿಕೆ ಎನ್ನುವುದು ಕನಿಷ್ಠ ಒಂದು ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ ಇರುವ ಜಾಗವನ್ನು. ಅದರಲ್ಲಿ ಹತ್ತನೇ ಒಂದು ಭಾಗವನ್ನಾದರೂ ಮರದ ನೆತ್ತಿ ಮುಚ್ಚಿರಬೇಕು. ಲಾಲ್‌ಬಾಗು ಅದರೊಳಗೆ ಬರುತ್ತದೆ, ಕಬ್ಬನ್ ಪಾರ್ಕು ಬರುತ್ತದೆ. ನಿಮ್ಮ ಮನೆ ಮುಂದಿನ ಒಂಟಿ ಹೊಂಗೆಮರ, ಹಿತ್ತಲಿನ ತೆಂಗು, ಪಕ್ಕದ ಮನೆಯವರ ಸೀಬೆಗಿಡ ಇವು ಯಾವುವೂ ಬರುವುದಿಲ್ಲ. ಅವು ಒಂದೊಂದಾಗಿ ಹೋದರೂ ಆ ಪಟ್ಟಿಯಲ್ಲಿ ಒಂದಂಕಿಯೂ ಅಲುಗಾಡುವುದಿಲ್ಲ.

1973ರಿಂದಲೇ ಲೆಕ್ಕ ಶುರುವಾಗಲು ಕಾರಣವಿದೆ. ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರ ಜುಲೈನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಸರಣಿ ಕಡಿಯದೆ ಬಂದಿದೆ. 2008ರಿಂದ ಅದರ ಹಳೆಯ ಚಿತ್ರಗಳೆಲ್ಲ ಉಚಿತವಾದವು. ಇವತ್ತು ಒಂದು ಸಾಧಾರಣ ಕಂಪ್ಯೂಟರ್ ಇದ್ದರೆ ಯಾವ ಊರಿನ ಮಕ್ಕಳಾದರೂ ತಮ್ಮ ಊರಿನ ಐವತ್ತು ವರ್ಷದ ಕಥೆಯನ್ನು ತೆಗೆದು ನೋಡಬಹುದು.

ಉಪಗ್ರಹಕ್ಕೆ ಎಲೆ ಗೊತ್ತಾಗುವುದು ಹೇಗೆ? ಎಲೆ ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ತನ್ನ ಅಡುಗೆಗೆ ಹೀರಿಕೊಳ್ಳುತ್ತದೆ. ಅದರ ಪಕ್ಕದ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆಯಬೇಕು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಸೊಂಪಾದ ಎಲೆ ನೂರರಲ್ಲಿ 50 ಪಾಲು ಅವಕೆಂಪನ್ನೂ 8 ಪಾಲು ಕೆಂಪನ್ನೂ ವಾಪಸ್ ಕಳಿಸಿತು ಎಂದುಕೊಳ್ಳಿ. 42ನ್ನು 58ರಿಂದ ಭಾಗಿಸಿದರೆ 0.72. ಅದೇ ಕಾಂಕ್ರೀಟು 30 ಮತ್ತು 25 ಪಾಲು ಕಳಿಸಿದರೆ 0.09. ಈ ಹಸಿರಿನ ಸೂಚ್ಯಂಕವನ್ನೇ ಎನ್‌ಡಿವಿಐ ಅನ್ನುತ್ತಾರೆ, ಅಂಕಿ ಹೆಚ್ಚಿದ್ದಷ್ಟೂ ಹಸಿರು ಹೆಚ್ಚು. ಲೆಕ್ಕ ಇಷ್ಟೇ, ಎಂಟನೇ ಕ್ಲಾಸಿನ ಮಕ್ಕಳೂ ಮಾಡಬಲ್ಲರು.

ಕಷ್ಟ ಇರುವುದು ಲೆಕ್ಕದಲ್ಲಲ್ಲ, ಚೌಕದಲ್ಲಿ.

ಉಪಗ್ರಹ ನೆಲವನ್ನು ಚೌಕ ಚೌಕವಾಗಿ ನೋಡುತ್ತದೆ, ಒಂದು ಚೌಕಕ್ಕೆ ಒಂದೇ ಅಂಕಿ ಕೊಡುತ್ತದೆ. ಎಪ್ಪತ್ತರ ದಶಕದ ಚಿತ್ರದಲ್ಲಿ ಒಂದು ಚೌಕದ ಬದಿ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆಗೆ ಒಂದು ಅಂಕಿ. ಎಂಬತ್ತರ ದಶಕದಿಂದ ಈಚೆಗೆ ಅದು 30 ಮೀಟರ್ ಆಯಿತು. ಮೂವತ್ತು ಮೀಟರ್ ಅಂದರೆ ಎಷ್ಟು? ಬೆಂಗಳೂರಿನವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಮೂವತ್ತು-ನಲವತ್ತು ಅಡಿಯ ಸೈಟು ಎಂಟು. ಎಂಟು ಮನೆಗೆ ಸೇರಿ ಒಂದು ಅಂಕಿ. 2015ರಿಂದ ಬರುತ್ತಿರುವ, ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರದ ಚೌಕ 10 ಮೀಟರಿನದು, ಅದು ಒಂದು ಸೈಟಿಗಿಂತ ಸ್ವಲ್ಪ ಚಿಕ್ಕದು.

ಆ ಎಂಟು ಸೈಟುಗಳನ್ನು ಒಂದು ಗಳಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಲವತ್ತು ವರ್ಷದ ಹಿಂದೆ ಎಂಟೂ ಹೆಂಚಿನ ಮನೆ, ಇಲ್ಲವೇ ಒಂದಂತಸ್ತಿನ ಆರ್‌ಸಿಸಿ. ಹಿಂದೆ ತೆಂಗು, ಬಾವಿಯ ಪಕ್ಕ ನುಗ್ಗೆ, ಗೇಟಿನ ಹತ್ತಿರ ಸಂಪಿಗೆ ಅಥವಾ ಪಾರಿಜಾತ. ಚೌಕದ ಅಂಕಿ ಅರ್ಧಂಬರ್ಧ, ಹಸಿರು ಎನ್ನಿಸಿಕೊಳ್ಳಲು ಹಾಕಿದ ಗೆರೆಯ ಸ್ವಲ್ಪ ಮೇಲೆ. ಒಬ್ಬರು ಮನೆ ಕೆಡವಿ ಮೂರು ಅಂತಸ್ತು ಕಟ್ಟಿದರು, ತೆಂಗು ಹೋಯಿತು. ಇನ್ನೊಬ್ಬರು ಕಾರು ನಿಲ್ಲಿಸಲು ಸಂಪಿಗೆ ತೆಗೆಸಿದರು. ಮೂರನೆಯವರಿಗೆ ಹಂಚಿನ ಮೇಲೆ ಎಲೆ ಬೀಳುತ್ತದೆ ಎಂಬ ಬೇಸರ. ಅಷ್ಟು ದಿನವೂ ಚೌಕ ಹಸಿರೇ. ಐದನೆಯವರ ನುಗ್ಗೆಮರ ಬಿದ್ದ ವರ್ಷ ಇಡೀ ಚೌಕ ಗೆರೆ ದಾಟಿ ಬೂದು ಬಣ್ಣಕ್ಕೆ ತಿರುಗುತ್ತದೆ. ನಕ್ಷೆ ನೋಡಿದವರಿಗೆ ಹಸಿರು ಹೋದದ್ದು ಆ ಒಂದೇ ವರ್ಷ. ಬೀದಿಯಲ್ಲಿ ಅದು ಹೋಗಲು ಇಪ್ಪತ್ತು ವರ್ಷ ಹಿಡಿದಿತ್ತು.

ಇದರ ತಿರುವು ಮುರುವೂ ಇದೆ. ಚೆನ್ನಾಗಿ ಬೆಳೆದ ಒಂದು ಮಳೆಮರದ ಕೊಡೆ 30 ಮೀಟರ್ ಅಗಲಕ್ಕೂ ಹರಡಬಲ್ಲದು. ಒಂದೇ ಮರ, ಹೆಚ್ಚುಕಡಿಮೆ ಒಂದಿಡೀ ಚೌಕ! ಕೆಳಗೆ ರಸ್ತೆ ಇರಲಿ, ಹಳೆಯ ಬಂಗಲೆ ಇರಲಿ, ಮೇಲಿನಿಂದ ಕಾಣುವುದು ಎಲೆ ಮಾತ್ರ. ಆ ಮರ ಕಡಿದ ಮರುದಿನ ಉಪಗ್ರಹದ ನಕ್ಷೆಯಲ್ಲಿ ಅಲ್ಲೊಂದು ಕಟ್ಟಡ ಹೊಸದಾಗಿ ಎದ್ದಂತೆ ಕಾಣುತ್ತದೆ. ಮಲ್ಲೇಶ್ವರದ ಎಂಬತ್ತು ವರ್ಷದ ಮನೆಯನ್ನು ನನ್ನ ವಿದ್ಯಾರ್ಥಿಗಳು ಹೀಗೆ ಹೊಸ ಕಟ್ಟಡ ಎಂದು ಗುರುತು ಮಾಡಿದ್ದರು. ಹೋಗಿ ನೋಡಿದಾಗ ಬಾಗಿಲಲ್ಲಿ ಕೂತಿದ್ದ ಅಜ್ಜಿ, "ಮನೆ ಹಳೇದೇ ಕಣ್ರಪ್ಪ, ಬಿಸಿಲು ಹೊಸದು" ಅಂದರು.

ಅಜ್ಜಿಯ ಮಾತಿಗೆ ಅಳತೆಯ ಆಧಾರವೂ ಉಂಟು. ಬೆಂಗಳೂರಿನ ಸಾಲುಮರಗಳ ಬಗ್ಗೆ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರವಿರುವ ಬೀದಿಯ ಮಧ್ಯಾಹ್ನದ ಗಾಳಿ ಮರವಿಲ್ಲದ ಬೀದಿಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿತ್ತು. ಡಾಂಬರಿನ ಮೈಯಲ್ಲಂತೂ ವ್ಯತ್ಯಾಸ 27.5 ಡಿಗ್ರಿಯವರೆಗೆ ಇತ್ತು. ಎರಡೂವರೆ ಎಕರೆಯ ಲೆಕ್ಕದಲ್ಲಿ ಹೆಸರೇ ಇಲ್ಲದ ಮರಗಳು ಮಾಡುವ ಕೆಲಸ ಇದು.

ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರಿನಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಇವತ್ತು ನಾವು ನೆರಳಿನಲ್ಲಿ ನಡೆಯುವ ಎಷ್ಟೋ ಬೀದಿಗಳು ಅವರ ಕೈಯಲ್ಲಿ ಆದವು. ನೆಟ್ಟ ವರ್ಷದ ಚಿತ್ರದಲ್ಲಿ ಹುಡುಕಿದರೆ ಒಂದೂ ಕಾಣುವುದಿಲ್ಲ. ಸಸಿ ಕೊಡೆ ಬಿಚ್ಚಲು ಹತ್ತು ಹದಿನೈದು ವರ್ಷ ಬೇಕು. ಕಡಿದದ್ದು ಅಂದೇ ಕಾಣುತ್ತದೆ, ನೆಟ್ಟದ್ದು ಮುಂದಿನ ತಲೆಮಾರಿಗೆ ಕಾಣುತ್ತದೆ. ಆದ್ದರಿಂದ ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಮಾಧಾನವಾಗುವುದಿಲ್ಲ. ಹತ್ತು ಸಸಿಯ ನೆರಳು ಸೇರಿಸಿದರೆ ಒಂದು ಕೊಡೆಯಷ್ಟೂ ಆಗದು.

ಚಿತ್ರ ತೆಗೆದ ತಿಂಗಳನ್ನೂ ನೋಡಬೇಕು. ಸರ್ಜಾಪುರದ ಕಡೆಯ ಹೊಲ ಅಕ್ಟೋಬರಿನಲ್ಲಿ ರಾಗಿಯಿಂದ ಹಸಿರಾಗಿರುತ್ತದೆ, ಫೆಬ್ರುವರಿಯಲ್ಲಿ ಬರೀ ಕೂಳೆ. ಹಳೆಯ ಚಿತ್ರ ಅಕ್ಟೋಬರಿನದು, ಹೊಸದು ಫೆಬ್ರುವರಿಯದು ಆದರೆ, ರಾಗಿ ಕೊಯ್ಲನ್ನೇ ನಾವು ಹಸಿರಿನ ನಾಶ ಎಂದು ಬರೆದುಬಿಡುತ್ತೇವೆ. ಊರೊಳಗೂ ಹಾಗೇ. ಟಬೂಬಿಯಾ, ಜಕರಾಂಡಗಳು ಎಲೆ ಉದುರಿಸಿ ಮೈತುಂಬ ಹೂ ಹೊತ್ತು ನಿಂತ ದಿನ, ನಾವು ನಿಂತು ಫೋಟೊ ತೆಗೆಯುವ ಆ ದಿನವೇ, ಉಪಗ್ರಹದ ಲೆಕ್ಕದಲ್ಲಿ ಅವು ಅರ್ಧ ಸತ್ತ ಮರ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ಹಾಗಾಗಿ ಒಂದೇ ತಿಂಗಳು ಹಿಡಿದು, ಪ್ರತಿ ವರ್ಷ ಅದೇ ತಿಂಗಳ ಚಿತ್ರವನ್ನೇ ಹೋಲಿಸಬೇಕು.

ಇನ್ನು ಬೆಳ್ಳಂದೂರು ಕೆರೆ. ನೊರೆ ಉಕ್ಕಿ, 2017ರಲ್ಲಿ ಬೆಂಕಿಯೂ ಹತ್ತಿಕೊಂಡು ದೇಶಕ್ಕೆಲ್ಲ ಸುದ್ದಿಯಾದ ಕೆರೆ. ಚರಂಡಿಯ ನೀರು ಕುಡಿದು ಕೊಬ್ಬಿದ ಕಳೆ ನೀರಿನ ಮೇಲೆ ಚಾಪೆ ಹಾಸಿದಾಗ ಅಲ್ಲಿನ ಎನ್‌ಡಿವಿಐ ಒಳ್ಳೆಯ ತೋಟದ ಹಾಗೆ ಏರುತ್ತದೆ. ಕಳೆ ತೆಗೆಸಿದರೆ ಹಸಿರು ಕಡಿಮೆಯಾಯಿತು ಎಂದು ಅಂಕಿ ಹೇಳುತ್ತದೆ. ಉಸಿರುಗಟ್ಟಿದ ಕೆರೆಯನ್ನು ಹಸಿರಿನ ಲೆಕ್ಕಕ್ಕೆ ಸೇರಿಸಿದ ನಕ್ಷೆಯನ್ನು ನಾನು ಒಪ್ಪುವುದಿಲ್ಲ. ಕೆರೆಯ ಗಡಿಯನ್ನು ಹಳೆಯ ಸರ್ವೆ ನಕ್ಷೆಯಿಂದ ತೆಗೆದುಕೊಂಡು, ಅದರೊಳಗಿನದನ್ನು ಬೇರೆ ಇಟ್ಟೇ ಎಣಿಸಬೇಕು.

ಗಡಿಯದೇ ಇನ್ನೊಂದು ಮಾತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಊರು ಸುಮಾರು 226 ಚದರ ಕಿಲೋಮೀಟರಿನಿಂದ 700ಕ್ಕೂ ಮೇಲೆ ಹೋಯಿತು. ಆ ಹಳ್ಳಿಗಳ ಹೊಲ, ತೋಟ, ಗುಂಡುತೋಪುಗಳೆಲ್ಲ ಒಂದೇ ದಿನದಲ್ಲಿ ನಗರದ ಹಸಿರಾದವು. ಒಂದು ಸಸಿಯನ್ನೂ ನೆಡದೆ ಶೇಕಡಾವಾರು ಏರಿಬಿಡುತ್ತದೆ. ಆಮೇಲೆ ಅಲ್ಲಿ ಬಡಾವಣೆ ಎದ್ದಾಗ ಇಳಿಯುತ್ತದೆ. ಯಾರಾದರೂ ಹಸಿರಿನ ಪ್ರಮಾಣ ಹೇಳಿದರೆ, "ಯಾವ ಗಡಿಯೊಳಗೆ?" ಎಂದು ನೀವು ಕೇಳಲೇಬೇಕು. ಈಗ ಊರು ಐದು ಪಾಲಿಕೆಗಳಾಗಿರುವಾಗ ಈ ಪ್ರಶ್ನೆ ಇನ್ನೂ ಮುಖ್ಯ.

ಇಷ್ಟೆಲ್ಲ ಹೇಳಿದ್ದು ಉಪಗ್ರಹ ಬೇಡ ಎನ್ನಲು ಅಲ್ಲ. ಅದಿಲ್ಲದಿದ್ದರೆ 1973 ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ. ಆದರೆ ಅದರ ಜೊತೆಗೆ ನೆಲದ ಮೇಲೆ ನಿಂತು, ಮರವನ್ನು ಕೈಯಿಂದ ಮುಟ್ಟಿ ಅಳೆಯುವುದೂ ಬೇಕು. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೇ ಮರಗಳ ಗಣತಿ ಆಗಬೇಕು ಎನ್ನುತ್ತದೆ. ಬೀದಿ ಬೀದಿಯ ಗಣತಿ ಇದ್ದರೆ ಉಪಗ್ರಹದ ಚೌಕವನ್ನು ಅದರ ಎದುರಿಗಿಟ್ಟು ತಪ್ಪು-ಒಪ್ಪು ನೋಡಬಹುದು.

ನಾವು ಒಂದು ಬೀದಿಯಲ್ಲಿ ಇದನ್ನು ಮಾಡುತ್ತಿದ್ದೇವೆ. ಮೊದಲ ಸಲ ಹೋದಾಗ ಹುಡುಗಿಯೊಬ್ಬಳು ಮನೆಯಿಂದ ದರ್ಜಿಯ ಟೇಪು ತಂದಿದ್ದಳು. ಅರವತ್ತು ಇಂಚಿನದು, ಮಳೆಮರದ ಸುತ್ತ ಅರ್ಧಕ್ಕೂ ಬರಲಿಲ್ಲ. ಅಂಗಡಿಯಿಂದ ಬಟ್ಟೆ ಒಣಹಾಕುವ ಹಗ್ಗ ತಂದು, ಸುತ್ತಿ, ಗಂಟು ಹಾಕಿ, ಬಿಚ್ಚಿ ನೆಲದ ಮೇಲೆ ಅಳೆದೆವು. ಅಂದಿನಿಂದ ಅದೇ ಹಗ್ಗ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಬೇಕು. ಆಮೇಲೆ ನೆರಳಿನ ಕೊಡೆಯ ಅಗಲವನ್ನು ಎರಡು ದಿಕ್ಕಿನಲ್ಲಿ, ಪೂರ್ವ-ಪಶ್ಚಿಮ ಒಮ್ಮೆ, ಉತ್ತರ-ದಕ್ಷಿಣ ಒಮ್ಮೆ, ಹೆಜ್ಜೆ ಹಾಕಿ ಅಳೆಯಬೇಕು. ಮರದ ಹೆಸರು, ಮನೆ ನಂಬರು, ತಾರೀಕು ಬರೆಯಬೇಕು. ಬುಡಕ್ಕೆ ಸಿಮೆಂಟು ಬಿಗಿದಿದ್ದಾರೆಯೇ ಎಂಬುದನ್ನೂ ಬರೆಯಬೇಕು. ಎರಡು ರೂಲ್ಡ್ ನೋಟ್‌ಬುಕ್ಕು ತುಂಬಿವೆ.

ಕಳೆದ ಸಲ ಹೋದಾಗ ಮೂಲೆಮನೆಯ ಮುಂದಿನ ಹೊಂಗೆ ಇರಲಿಲ್ಲ. ಬುಡ ಮಾತ್ರ ಇತ್ತು, ಕೊಯ್ದ ಮೈ ಇನ್ನೂ ಹಸಿಯಾಗಿತ್ತು. ನೋಟ್‌ಬುಕ್ಕಿನಲ್ಲಿ ಆ ಮರದ ಸಾಲನ್ನು ಹೊಡೆದುಹಾಕಲೇ ಮೇಡಂ ಎಂದು ಪೆನ್ನು ಹಿಡಿದ ಹುಡುಗ ಕೇಳಿದ. ಬೇಡ, ಸುತ್ತಳತೆಯ ಜಾಗದಲ್ಲಿ ಸೊನ್ನೆ ಬರಿ, ತಾರೀಕು ಹಾಕು ಅಂದೆ. ಬರೆದ. ಬುಡದ ಪಕ್ಕ ಒಂದು ಚಿಗುರು ಎದ್ದಿತ್ತು, ಅದನ್ನೂ ಬರೆಸಿದೆ. ಜನವರಿಯಲ್ಲಿ ಮತ್ತೆ ಹೋಗುತ್ತೇವೆ.

ನಮಸ್ಕಾರ.