ಆರು ಡಾಲರಿನ ಬೋರ್ಡು, ಎಪ್ಪತ್ತು ಡಾಲರಿನ ಬಿಲ್ಲು

ಮೋಟೆಲ್ 6 ಅನ್ನೋದು ಅಮೆರಿಕದ ಅಗ್ಗದ ವಸತಿಗೃಹಗಳ ಸರಣಿ. ಅದರ ಹೆಸರು ಎತ್ತಿದ ಕೂಡಲೇ ಅಲ್ಲಿರೋ ನಮ್ಮವರು ಮೂಗು ಮುರೀತಾರೆ. "ಅಯ್ಯೋ, ಅಲ್ಲಿ ತಿಗಣೆ, ರಾತ್ರಿಯಾದರೆ ಪೊಲೀಸ್ ಗಾಡಿ." ಅದೇ ಉಸಿರಿನಲ್ಲಿ ಇನ್ನೊಂದು ದೂರು: "ಅಂಥ ಜಾಗಕ್ಕೂ ಈಗ ಎಪ್ಪತ್ತು ಡಾಲರ್!" ಇವತ್ತು ಈ ಎರಡು ದೂರುಗಳ ಲೆಕ್ಕ ತೆಗೆಯೋಣ. ನಾನು ಹೇಳೋದು ಇಷ್ಟೇ: ಅದರ ದರ ನಿಜವಾಗಿ ಏರಿಲ್ಲ, ಮತ್ತೆ ಹೆಸರು ಕೆಟ್ಟಿದ್ದಕ್ಕೆ ಬರೀ ಕಡಿಮೆ ದರ ಕಾರಣ ಅಲ್ಲ.

ಮೊದಲು ದರ. 1962ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ವಿಲಿಯಂ ಬೆಕರ್, ಪಾಲ್ ಗ್ರೀನ್ ಅನ್ನೋ ಇಬ್ಬರು ಕಟ್ಟಡ ಗುತ್ತಿಗೆದಾರರು ಇದನ್ನ ಶುರು ಮಾಡಿದರು. ರಾತ್ರಿಗೆ ಆರು ಡಾಲರ್. ಇದು ಬಾಯಿಗೆ ಬಂದ ಸಂಖ್ಯೆ ಅಲ್ಲ. ಜಾಗದ ಬಾಡಿಗೆ, ಸಾಲದ ಕಂತು, ಸಂಬಳ, ಸಾಬೂನು ಎಲ್ಲ ಕೂಡಿಸಿ, ನಾಲ್ಕು ಸಾಕಾ, ಐದು ಸಾಕಾ ಅಂತ ನೋಡಿ ಆರಕ್ಕೆ ನಿಂತರು. ಟೀವಿ ನೋಡಬೇಕಾದರೆ ನಾಣ್ಯ ಹಾಕಬೇಕಿತ್ತು. ಈಗ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ತೆಗೆದುಕೊಳ್ಳಿ: 1962ರಿಂದ 2024ಕ್ಕೆ ಹತ್ತು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಅವತ್ತಿನ ಆರು ಡಾಲರ್ 2024ರಲ್ಲಿ ಸುಮಾರು 62 ಡಾಲರ್. ಮಂಗಳವಾರ ರಾತ್ರಿ 60 ಡಾಲರಿಗೆ ರೂಮು ಸಿಕ್ಕರೆ ನೀವು 1962ರ ದರವನ್ನೇ ಕೊಡ್ತಾ ಇದ್ದೀರಿ. ಅದೂ ನಾಣ್ಯ ಹಾಕದೇ ಟೀವಿ ನೋಡಿಕೊಂಡು.

ತೊಂದರೆ ಏನಂದರೆ, ದರವನ್ನ ಬೋರ್ಡಿನ ಮೇಲೇ ಬರೆದುಬಿಟ್ಟರು. ಸೂಪರ್ 8 ಅನ್ನೋ ಇನ್ನೊಂದು ಮೋಟೆಲ್ ಸರಣಿ ಕೂಡ ಇದನ್ನೇ ಮಾಡಿತು: 1974ರಲ್ಲಿ ಸೌತ್ ಡಕೋಟಾದ ಅಬರ್ಡೀನ್‌ನಲ್ಲಿ ಶುರುವಾದಾಗ ರೂಮಿಗೆ 8.88 ಡಾಲರ್. ಹಣದುಬ್ಬರ ಯಾರ ಬೋರ್ಡನ್ನೂ ಲೆಕ್ಕಕ್ಕೆ ಇಡಲ್ಲ. ಆದರೆ ಗಿರಾಕಿಯ ತಲೆಯಲ್ಲಿ ಆ ಅಂಕಿ ಕೂತುಬಿಡ್ತು.

ಸರಿ, ಮಂಗಳವಾರ 60 ಇದ್ದದ್ದು ಶನಿವಾರ 95 ಯಾಕೆ? ದುರಾಸೆ ಅಂತ ಬೈಯೋ ಮೊದಲು ಮಾಲೀಕನ ಗಣಿತ ನೋಡಿ. ನೂರು ರೂಮಿನ ಮೋಟೆಲ್ ಅಂದುಕೊಳ್ಳಿ. 60 ಡಾಲರಿಗೆ 60 ರೂಮು ಹೋದರೆ 3,600. 80 ಡಾಲರಿಗೆ 45 ರೂಮು ಹೋದರೂ ಅದೇ 3,600. ಆದರೆ ಎರಡನೇ ಲೆಕ್ಕದಲ್ಲಿ ಹದಿನೈದು ರೂಮು ಗುಡಿಸೋದು ಉಳಿಯಿತು. ಒಂದು ರೂಮಿಗೆ ಅರ್ಧ ಗಂಟೆ ಅಂದರೂ ಏಳೂವರೆ ಗಂಟೆ ಕೂಲಿ, ಮೇಲೆ ಹದಿನೈದು ರೂಮಿನ ಬೆಡ್‌ಶೀಟು, ಟವಲು ತೊಳೆಯೋ ನೀರು, ಗ್ಯಾಸು. ಅದಕ್ಕೇ ಬುದ್ಧಿವಂತ ಮಾಲೀಕ ಖಾಲಿ ರೂಮಿಗೆ ಹೆದರಲ್ಲ.

ಹೆದರುವವನು ಏನು ಮಾಡ್ತಾನೆ? ದರವನ್ನ 45ಕ್ಕೆ ಇಳಿಸ್ತಾನೆ, ರೂಮು ತುಂಬಿಸ್ತಾನೆ. ರೂಮಿಗೆ ಬರೋ ದುಡ್ಡು ಕಮ್ಮಿ, ಸವೆತ ಜಾಸ್ತಿ. ರಾತ್ರಿ ಕೌಂಟರಿನಲ್ಲಿ ಒಬ್ಬನೇ, ರಿಪೇರಿಗೆ ಯಾರೂ ಇಲ್ಲ, ಗುರುತಿನ ಚೀಟಿ ನೋಡಿದರೆ ನೋಡಿದ, ಇಲ್ಲದಿದ್ದರೆ ಇಲ್ಲ. ಹೆಸರು ಕೆಡೋದು ಇಲ್ಲಿಂದ.

ಬಿಲ್ಲಿನಲ್ಲಿ ಶಾಕ್ ಹೊಡೆಯೋದು ಇನ್ನೊಂದು, ತೆರಿಗೆ. ಹ್ಯೂಸ್ಟನ್‌ನಲ್ಲಿ ರಾಜ್ಯದ ಶೇ 6, ನಗರದ ಶೇ 7, ಕೌಂಟಿಯ ಶೇ 2, ಕ್ರೀಡಾಂಗಣ ಪ್ರಾಧಿಕಾರದ ಶೇ 2, ಒಟ್ಟು ಶೇ 17. 60 ಡಾಲರಿನ ರೂಮು 70 ಡಾಲರ್ 20 ಸೆಂಟ್ ಆಯಿತು. ನಿಮ್ಮ ಎಪ್ಪತ್ತು ಬಂದದ್ದು ಹೀಗೆ. 2025ರ ಮೇ 12ರಿಂದ ಗ್ರಾಹಕರ ಹಿತ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಜಾರಿಯಲ್ಲಿದೆ, ಕಡ್ಡಾಯ ಶುಲ್ಕಗಳನ್ನ ಜಾಹೀರಾತಿನ ಬೆಲೆಯಲ್ಲೇ ಸೇರಿಸಿ ತೋರಿಸಬೇಕು. ಒಳ್ಳೆಯದೇ. ಆದರೆ ಸರ್ಕಾರಿ ತೆರಿಗೆಗೆ ಅದರಿಂದ ವಿನಾಯಿತಿ ಇದೆ, ಅದು ಈಗಲೂ ಕೊನೆಯಲ್ಲಿ ಬಂದು ಕೂರಬಹುದು. ಹಾಗಾಗಿ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ "ರೂಮಿಗೆ ಎಷ್ಟು" ಅಲ್ಲ, "ತೆರಿಗೆ, ಡಿಪಾಸಿಟ್ ಎಲ್ಲ ಸೇರಿ ಕಾರ್ಡಿನಿಂದ ಎಷ್ಟು ಹೋಗುತ್ತೆ" ಅಂತ.

ಇನ್ನು ಹೆಸರಿನ ವಿಷಯ. ಇಲ್ಲಿ ಮಾಲೀಕತ್ವದ ಚರಿತ್ರೆ ಗೊತ್ತಿಲ್ಲದೇ ಮಾತಾಡೋಕೆ ಆಗಲ್ಲ. ಮೋಟೆಲ್ 6 ಅನ್ನ 1985ರಲ್ಲಿ ಕೆಕೆಆರ್ ಅನ್ನೋ ಹೂಡಿಕೆ ಕಂಪನಿ ಕೊಂಡಿತು, 1990ರಲ್ಲಿ ಫ್ರಾನ್ಸಿನ ಹೋಟೆಲ್ ಕಂಪನಿ ಅಕೋರ್, 2012ರಲ್ಲಿ ಇನ್ನೊಂದು ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್, 190 ಕೋಟಿ ಡಾಲರಿಗೆ. 2024ರಲ್ಲಿ ಓಯೋದ ಮಾತೃ ಕಂಪನಿ ಓರಾವೆಲ್ ಸ್ಟೇಸ್ 52.5 ಕೋಟಿ ಡಾಲರ್ ನಗದು ಕೊಟ್ಟು ತೆಗೆದುಕೊಂಡಿತು. "ನೋಡಿ, ಬೆಲೆ ಕಾಲು ಭಾಗಕ್ಕೆ ಬಿತ್ತು" ಅಂತ ಎಷ್ಟೋ ಜನ ನಕ್ಕರು. ಅದು ತಪ್ಪು ಲೆಕ್ಕ. ಬ್ಲ್ಯಾಕ್‌ಸ್ಟೋನ್ ಕೈಲಿದ್ದಾಗ ಕಟ್ಟಡ, ಜಾಗಗಳನ್ನ ಒಂದೊಂದಾಗಿ ಮಾರಿ, ಕೊಂಡವರಿಗೆ ಬೋರ್ಡನ್ನ ಫ್ರಾಂಚೈಸಿಯಾಗಿ, ಅಂದರೆ ಶುಲ್ಕಕ್ಕೆ ಹೆಸರು ಬಳಸೋಕೆ, ಕೊಟ್ಟಿತು. ಓಯೋ ಕೊಂಡದ್ದು ಮುಖ್ಯವಾಗಿ ಹೆಸರು ಮತ್ತು ಫ್ರಾಂಚೈಸಿ ಒಪ್ಪಂದಗಳು. ಹಾಸಿಗೆ, ನಲ್ಲಿ, ರಾತ್ರಿ ಪಾಳಿಯ ಹುಡುಗ, ಇವೆಲ್ಲ ಆಯಾ ಊರಿನ ಮಾಲೀಕನ ಜವಾಬ್ದಾರಿ. ಬಹಳ ಕಡೆ ಆ ಮಾಲೀಕ ಗುಜರಾತಿ ಮೂಲದವನೇ, ಅದು ಬೇರೆ ಕಥೆ.

ಒಂದೇ ದರದ ಎರಡು ಮೋಟೆಲ್ ಹೇಗೆ ಬೇರೆ ಇರಬಹುದು ಅನ್ನೋದಕ್ಕೆ ಸ್ಯಾನ್ ಡಿಯಾಗೋ ಪಕ್ಕದ ಚುಲಾ ವಿಸ್ತಾ ನಗರ ಒಳ್ಳೆ ಉದಾಹರಣೆ. ಅಲ್ಲಿನ ಪೊಲೀಸರು ಪ್ರತಿ ಮೋಟೆಲಿಂದ ಬಂದ ಕರೆಗಳನ್ನ ರೂಮುಗಳ ಸಂಖ್ಯೆಯಿಂದ ಭಾಗಿಸಿ ನೋಡಿದರು. ಮೋಟೆಲಿಂದ ಮೋಟೆಲಿಗೆ ಹಲವು ಪಟ್ಟು ವ್ಯತ್ಯಾಸ. 2006ರಲ್ಲಿ ನಗರ ಕಾನೂನು ತಂದಿತು: ಆ ಅನುಪಾತ ಮಿತಿಯೊಳಗೆ ಇದ್ದರೆ ಮಾತ್ರ ವಾರ್ಷಿಕ ಪರವಾನಗಿ. ಕರೆಗಳು ಗಣನೀಯವಾಗಿ ಇಳಿದವು. ಗಿರಾಕಿಗೆ ತಕ್ಕಂತೆ ಮೋಟೆಲ್ ಅನ್ನೋ ವಾದ ಅಲ್ಲೇ ಮುರಿದುಬಿತ್ತು ಅಂತ ನನ್ನ ಅಭಿಪ್ರಾಯ.

ಹಾಗಂತ ಕಂಪನಿ ಪೂರ್ತಿ ಮುಗ್ಧ ಅಂತಲೂ ಅಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಸುಮಾರು 80,000 ಅತಿಥಿಗಳ ವಿವರವನ್ನ ವಲಸೆ ಕಾನೂನು ಜಾರಿ ಮಾಡೋ ಸಂಸ್ಥೆಯ (ಐಸ್) ಅಧಿಕಾರಿಗಳಿಗೆ ವಾರಂಟ್ ಇಲ್ಲದೇ ಕೊಟ್ಟದ್ದು ಕಂಪನಿಯೇ ನಡೆಸುತ್ತಿದ್ದ ಮೋಟೆಲ್‌ಗಳು. 2019ರಲ್ಲಿ 1.2 ಕೋಟಿ ಡಾಲರ್ ಕೊಟ್ಟು ಆ ಮೊಕದ್ದಮೆ ಮುಗಿಸಿಕೊಂಡರು. ಗುಡಿಸದ ರೂಮಿಗಿಂತ ಇದು ದೊಡ್ಡ ಕಳಂಕ, ಆದರೆ ತಿಗಣೆ ಬಗ್ಗೆ ಮಾತಾಡೋ ಅಷ್ಟು ಜನ ಇದರ ಬಗ್ಗೆ ಮಾತಾಡಲ್ಲ.

ಸರಣಿಯ ಸ್ಟಾರ್ ನೋಡಿ ಬುಕ್ ಮಾಡಬೇಡಿ, ವಿಳಾಸ ನೋಡಿ ಮಾಡಿ. ಆ ಒಂದು ಮೋಟೆಲಿನ ವಿಮರ್ಶೆಗಳನ್ನ ಹೊಸದು ಮೊದಲು ಅಂತ ಜೋಡಿಸಿ, ಕಳೆದ ಮೂರು ತಿಂಗಳದ್ದು ಮಾತ್ರ ಓದಿ. ಮಾಲೀಕ ಬದಲಾಗಿದ್ದರೆ ಹಳೆಯ ಹೊಗಳಿಕೆ, ಹಳೆಯ ಬೈಗುಳ ಎರಡೂ ಕಸ. ಫೋಟೋದಲ್ಲಿ ನೆಲ ನೋಡಿ: ಮರದ ಬಣ್ಣದ ವಿನೈಲ್ ನೆಲ, ಕೆಳಗೆ ಸಂದಿಲ್ಲದ ಪೆಟ್ಟಿಗೆಯಂಥ ಮಂಚ ಇದ್ದರೆ ಅದು ನವೀಕರಿಸಿದ ರೂಮು. ಹಳೇ ಕಾರ್ಪೆಟ್ಟೇ ಇದ್ದರೆ ಯೋಚಿಸಿ.

ರೂಮಿಗೆ ಹೋದಮೇಲೆ ಬ್ಯಾಗನ್ನ ಹಾಸಿಗೆ ಮೇಲೆ ಎಸೀಬೇಡಿ, ಬಾತ್‌ಟಬ್ ಒಳಗಿಡಿ. ಬೆಡ್‌ಶೀಟು ಮೂಲೆಯಲ್ಲಿ ಎತ್ತಿ, ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಮೊಬೈಲ್ ಟಾರ್ಚ್ ಹಾಯಿಸಿ, ಆಮೇಲೆ ತಲೆಹಲಗೆಯ ಹಿಂದೆ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತೆ, ಕಣ್ಣಿಗೆ ಕಾಣುತ್ತೆ. ಅದಕ್ಕಿಂತ ಮೊದಲು ಕಾಣೋದು ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಕಲೆ. ತಿಗಣೆ ಬರೋದು ಪ್ರಯಾಣಿಕರ ಸಾಮಾನಿನ ಜೊತೆ, ಹಾಗಾಗಿ ಮುನ್ನೂರು ಡಾಲರಿನ ರೂಮಿನಲ್ಲೂ ಇದೇ ತಪಾಸಣೆ ಮಾಡಿ. ಮುಂದೆ ಕಿಟಕಿ ಕೆಳಗಿನ ಎಸಿ. ಆನ್ ಮಾಡಿ ಐದು ನಿಮಿಷ ಬಿಡಿ. ಮುಗ್ಗಲು ವಾಸನೆ ಬಂದರೆ ಫಿಲ್ಟರಿನಲ್ಲಿ ಧೂಳು, ಅಥವಾ ನೀರು ಹೋಗೋ ತಟ್ಟೆ ಕಟ್ಟಿಕೊಂಡಿದೆ. ಅದರ ಕೆಳಗಿನ ನೆಲವನ್ನ ಕಾಲಲ್ಲಿ ಒತ್ತಿ ನೋಡಿ, ತೇವ ಇದ್ದರೆ ಆಗಲೇ ರೂಮು ಬದಲಿಸಿ ಅಂತ ಕೇಳಿ. ಮಲಗಿ ಎದ್ದ ಮೇಲೆ ಕೇಳಿದರೆ ಯಾರೂ ದುಡ್ಡು ವಾಪಸ್ ಕೊಡಲ್ಲ.

ದುಡ್ಡು ವಾಪಸ್ ಅಂದಾಗ ಇನ್ನೊಂದು. ಬುಕಿಂಗ್ ಆ್ಯಪ್‌ನಲ್ಲಿ ಮುಂಗಡ ಕೊಟ್ಟಿದ್ದರೆ ಕೌಂಟರಿನವನ ಜೊತೆ ಜಗಳ ಮಾಡಿ ಪ್ರಯೋಜನ ಇಲ್ಲ. ನಿಮ್ಮ ದುಡ್ಡು ಆ್ಯಪ್ ಕಂಪನಿಯ ಹತ್ತಿರ ಇದೆ, ಅವರಿಗೇ ಫೋನ್ ಮಾಡಬೇಕು. ನೇರ ಮೋಟೆಲಿಗೆ ಕರೆ ಮಾಡಿದರೆ ಆ್ಯಪ್‌ಗೆ ಕೊಡೋ ಕಮಿಷನ್ ಮಾಲೀಕನಿಗೆ ಉಳಿಯುತ್ತೆ, ಒಂದೆರಡು ಡಾಲರ್ ಇಳಿಸಿದರೂ ಇಳಿಸಬಹುದು. ಡಿಪಾಸಿಟ್‌ಗೆ ಮಾತ್ರ ಡೆಬಿಟ್ ಕಾರ್ಡ್ ಕೊಡಬೇಡಿ: ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿದರೆ ಬರೀ ಸಾಲದ ಮಿತಿ ಕಮ್ಮಿ ಆಗುತ್ತೆ, ಡೆಬಿಟ್‌ನಲ್ಲಿ ನಿಮ್ಮ ಖಾತೆಯ ದುಡ್ಡೇ ಸಿಕ್ಕಿಹಾಕಿಕೊಳ್ಳುತ್ತೆ, ಮೋಟೆಲ್ ಬಿಟ್ಟುಕೊಟ್ಟ ಮೇಲೂ ಬ್ಯಾಂಕಿಂದ ಅದು ಬಿಡುಗಡೆ ಆಗೋಕೆ ಕೆಲವು ದಿನ ಹಿಡಿಯುತ್ತೆ.