ವರ್ಷಕ್ಕೆ ಒಂದು ಡಾಲರ್ ಸಂಬಳದ ಕೋಚ್

(ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೆಲವರು ಇನ್ನೂ ಟೀಮ್ ಟೋಪಿ ತೆಗೆದಿಲ್ಲ. ಅಂದರೆ ಬೆಳಗಿನ ಬೇಸ್‌ಬಾಲ್ ಮ್ಯಾಚ್ ಮುಗಿಸಿಕೊಂಡು ಸೀದಾ ಇಲ್ಲಿಗೇ ಬಂದಿದ್ದೀರಿ. ಗೆದ್ದಿರೋ ಸೋತಿರೋ ಅಂತ ಕೇಳುವುದಿಲ್ಲ. ಮುಖ ನೋಡಿದರೇ ಗೊತ್ತಾಗುತ್ತದೆ. ಆಡಿದವರು ಮಕ್ಕಳು. ಮುಖ ಬಾಡಿರುವುದು ಅಪ್ಪ ಅಮ್ಮಂದಿರದ್ದು.

ಇವತ್ತು ಆ ಮುಖದ ಬಗ್ಗೆಯೇ ಮಾತಾಡಬೇಕು ಅಂತ ಬಂದೆ. ನೇರವಾಗಿ ಹೇಳಿದರೆ ಎದ್ದು ಊಟಕ್ಕೆ ಹೋಗುತ್ತೀರಿ. ಅದಕ್ಕೆ ಒಬ್ಬ ಕೋಚ್ ಕಥೆ ಹೇಳುತ್ತೇನೆ. ನಮ್ಮೂರಿನವರೇ. ಲಾಸ್ ಏಂಜಲಿಸ್ ನಮ್ಮೂರು ಅನ್ನಬಹುದು ಅಲ್ವಾ? ಇಷ್ಟು ವರ್ಷ ಇಲ್ಲಿನ ಟ್ರಾಫಿಕ್‌ನಲ್ಲಿ ಕೂತವರು ನಾವು.

ಹೆಸರು ರಾಡ್ ಡೀಡೋ. ಯುಎಸ್‌ಸಿ, ಅಂದರೆ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ಬೇಸ್‌ಬಾಲ್ ಕೋಚ್. 1942ರಲ್ಲಿ ಶುರು ಮಾಡಿದರು, 1986ರಲ್ಲಿ ಬಿಟ್ಟರು. ಈ ನಡುವೆ 11 ಸಲ ಕಾಲೇಜ್ ವರ್ಲ್ಡ್ ಸೀರೀಸ್, ಅಂದರೆ ಕಾಲೇಜು ತಂಡಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅದರಲ್ಲಿ 1970ರಿಂದ 1974ರವರೆಗೆ ಸತತ ಐದು. ಬೇರೆ ಯಾವ ಕಾಲೇಜೂ ಇವತ್ತಿನವರೆಗೆ ಸತತ ಮೂರು ಗೆದ್ದಿಲ್ಲ. ಇದೆಲ್ಲ ನಿಮ್ಮಲ್ಲಿ ತುಂಬಾ ಜನರಿಗೆ ಗೊತ್ತು. ನಿಮ್ಮ ಮಕ್ಕಳಿಗಂತೂ ಬಾಯಿಪಾಠ. ನನಗೆ ಮುಖ್ಯ ಅನ್ನಿಸುವುದು ಬೇರೊಂದು ಸಂಖ್ಯೆ. ಆ ಕಾಲದ ಬಹುಪಾಲು ಅವರು ತೆಗೆದುಕೊಂಡ ಸಂಬಳ ವರ್ಷಕ್ಕೆ ಒಂದು ಡಾಲರ್.

ಸನ್ಯಾಸಿ ಅಂದುಕೊಳ್ಳಬೇಡಿ. ಅವರಿಗೆ ಸ್ವಂತ ಲಾರಿ ಕಂಪನಿ ಇತ್ತು. ಐನೂರು ಡಾಲರ್ ಹಾಕಿ ಶುರು ಮಾಡಿ ದೊಡ್ಡ ಟ್ರಾನ್ಸ್‌ಪೋರ್ಟ್ ವ್ಯವಹಾರವನ್ನೇ ಕಟ್ಟಿದ್ದರು. ಊಟ, ಮನೆ, ಮಕ್ಕಳ ಫೀಸು ಎಲ್ಲ ಅಲ್ಲಿಂದ. ಮೈದಾನಕ್ಕೆ ಬರುತ್ತಿದ್ದುದು ಆಟಕ್ಕೆ. ಅವರಿಗೆ ಆ ಸಂಬಳ ಬೇಕಿರಲಿಲ್ಲ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲಾರಿ ಕಂಪನಿ ಯಾಕೆ ಬಂತು ಅನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ಹುಟ್ಟಿದ್ದು 1914ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಓದಿದ್ದು ಹಾಲಿವುಡ್ ಹೈಸ್ಕೂಲ್, ಆಮೇಲೆ ಯುಎಸ್‌ಸಿ. ಒಳ್ಳೆಯ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮೂರನೇ ಬೇಸ್ ನಡುವೆ ನಿಲ್ಲುವ ಆಟಗಾರ. 1935ರಲ್ಲಿ ಮೇಜರ್ ಲೀಗ್, ಅಂದರೆ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್‌ನ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರಿದರು. ಆಗ ಅಲ್ಲಿ ಮ್ಯಾನೇಜರ್ ಆಗಿದ್ದವರು ಕೇಸಿ ಸ್ಟೆಂಗಲ್. ಡೀಡೋ ಆಡಿದ್ದು ಎರಡೇ ಎರಡು ಮ್ಯಾಚ್. ನಾಲ್ಕು ಸಲ ಬ್ಯಾಟ್ ಹಿಡಿದು ಒಂದು ಹಿಟ್, ಅಂದರೆ ಬಾಲ್ ಹೊಡೆದು ಬೇಸ್ ತಲುಪಿದ್ದು ಒಂದೇ ಸಲ. ಆಮೇಲೆ ಬೆನ್ನಿಗೆ ಪೆಟ್ಟಾಯಿತು. ಮೇಜರ್ ಲೀಗ್ ಅಲ್ಲಿಗೆ ಮುಗಿಯಿತು. ಲಾರಿ ಕಂಪನಿ ಬಂದದ್ದು ಹಾಗೆ. ಸ್ಟೆಂಗಲ್ ಜೊತೆಗಿನ ಸ್ನೇಹ ಮಾತ್ರ ಮುಗಿಯಲಿಲ್ಲ.

ಎರಡೇ ಮ್ಯಾಚ್. ನಮ್ಮ ಮನೆಗಳಲ್ಲಾದರೆ ಇದನ್ನು ಏನಂತ ಕರೆಯುತ್ತಿದ್ದೆವು? "ಪಾಪ, ಆಗಲಿಲ್ಲ ಬಿಡಿ." ಅಷ್ಟೇ.

1942ರಲ್ಲಿ ಯುಎಸ್‌ಸಿ ಕೋಚ್ ಸ್ಯಾಮ್ ಬ್ಯಾರಿ ಯುದ್ಧಕ್ಕೆ ಅಂತ ನೌಕಾಪಡೆಗೆ ಹೋದರು. ಟೀಮು ಡೀಡೋ ಕೈಗೆ ಬಂತು. ಯುದ್ಧ ಮುಗಿದು ಬ್ಯಾರಿ ವಾಪಸ್ ಬಂದಾಗ ಇಬ್ಬರೂ ಸೇರಿ ಕೋಚ್ ಮಾಡಿದರು. ಒಂದು ಟೀಮಿಗೆ ಇಬ್ಬರು ಯಜಮಾನರು! ನಮ್ಮ ಸಂಘದಲ್ಲಿ ಒಬ್ಬರು ಅಧ್ಯಕ್ಷರಿರುವಾಗಲೇ... ಬೇಡ, ಅಧ್ಯಕ್ಷರು ಮುಂದೆಯೇ ಕೂತಿದ್ದಾರೆ. ಆ ಜೋಡಿ 1948ರಲ್ಲಿ ಮೊದಲ ಪ್ರಶಸ್ತಿ ಗೆದ್ದಿತು. ಆಗ ಫೈನಲ್ ಈಗಿನಂತೆ ನೆಬ್ರಾಸ್ಕಾದ ಒಮಾಹಾದಲ್ಲಿ ಇರಲಿಲ್ಲ, ಮಿಷಿಗನ್‌ನ ಕಲಮಜೂನಲ್ಲಿ ನಡೆಯುತ್ತಿತ್ತು. ಎದುರಾಳಿ ಯೇಲ್. ಯೇಲ್ ತಂಡದ ನಾಯಕ, ಫಸ್ಟ್ ಬೇಸ್‌ನಲ್ಲಿ ನಿಲ್ಲುತ್ತಿದ್ದ ಹುಡುಗ ಜಾರ್ಜ್ ಬುಷ್. ಹೌದು, ಅವರೇ. ಅಪ್ಪ ಬುಷ್. ಅವರಿಗೆ ಆಮೇಲೆ ಬೇರೆ ಕೆಲಸ ಸಿಕ್ಕಿತು.

ಕೋಚ್ ಆಗಿ ಡೀಡೋ ಹೇಗಿದ್ದರು? ಎಲ್ಲರನ್ನೂ "ಟೈಗರ್" ಅಂತ ಕರೆಯುತ್ತಿದ್ದರು. ಹೆಸರು ನೆನಪಿರುತ್ತಿರಲಿಲ್ಲವಂತೆ. ಆಟಗಾರನೂ ಟೈಗರ್, ಪತ್ರಕರ್ತನೂ ಟೈಗರ್. ಆದರೆ ಆಟದ ವಿಷಯ ಬಂದರೆ ಒಂದು ಸಣ್ಣ ವಿವರವೂ ಮರೆಯುತ್ತಿರಲಿಲ್ಲ. ಅವರದ್ದೊಂದು ಪ್ರಸಿದ್ಧ ಮಾತಿದೆ: ಒಂದೇ ತಪ್ಪನ್ನು ಒಂದು ಸಲವೂ ಮಾಡಬೇಡಿ. ಕೇಳಿದ ತಕ್ಷಣ ನಗು ಬರುತ್ತದೆ. ಎರಡು ಸಲ ಅನ್ನಬೇಕಿತ್ತಲ್ಲ ಅನ್ನಿಸುತ್ತದೆ. ಅವರು ಹೇಳಿದ್ದು ಸರಿಯಾಗಿಯೇ ಇದೆ. ಇನ್ನೊಬ್ಬ ಮಾಡಿದ ತಪ್ಪು ನೋಡಿಯೇ ಕಲಿಯಬೇಕು. ಅಂದರೆ ಬೆಂಚಿನ ಮೇಲೆ ಕೂತ ಹುಡುಗನೂ ಪ್ರತಿ ಬಾಲ್ ನೋಡುತ್ತಿರಬೇಕು. ಸೂರ್ಯಕಾಂತಿ ಬೀಜ ಉಗಿಯುತ್ತಾ ಕೂರುವ ಹಾಗಿಲ್ಲ.

ಬಾಲ್ ಕೈಜಾರಿತು ಅಂದರೆ ಅದು ಆಟ, ಆಗುತ್ತದೆ. ಔಟ್ ಎಷ್ಟಾಗಿದೆ, ರನ್ನರ್ ಯಾವ ಬೇಸ್‌ನಲ್ಲಿದ್ದಾನೆ ಅನ್ನುವುದನ್ನೇ ಮರೆತ ಅಂದರೆ ಅದು ಬೇರೆ. ಮೊದಲನೆಯದು ಕೈಯದ್ದು, ಎರಡನೆಯದು ತಲೆಯದ್ದು. ಡೀಡೋ ತಂಡಗಳು ತಲೆಯ ತಪ್ಪನ್ನು ಕಡಿಮೆ ಮಾಡುತ್ತಿದ್ದವು. ನಮ್ಮ ಮಕ್ಕಳ ಲಿಟಲ್ ಲೀಗ್ ಬೇಸ್‌ಬಾಲ್ ಮೈದಾನಗಳಲ್ಲಿ ಬೈಗುಳ ಬೀಳುವುದು ಯಾವುದಕ್ಕೆ? ಕೈಜಾರಿದ್ದಕ್ಕೆ. ಯಾಕೆಂದರೆ ಅದು ಎಲ್ಲರಿಗೂ ಕಾಣುತ್ತದೆ. ತಲೆಯ ತಪ್ಪು ಕಾಣಬೇಕಾದರೆ ನಮಗೂ ಆಟ ಗೊತ್ತಿರಬೇಕು.

ಈಗ ನನ್ನ ಇಷ್ಟದ ಕಥೆ. ನನ್ನ ಮನೆಯವರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಅವರು ಇದನ್ನು ಎಷ್ಟೋ ಸಲ ಕೇಳಿದ್ದಾರೆ.

1973ರ ಜೂನ್. ಒಮಾಹಾದ ರೋಸೆನ್‌ಬ್ಲಾಟ್ ಸ್ಟೇಡಿಯಂ. ಫೈನಲ್‌ಗೆ ಮೊದಲಿನ ಮ್ಯಾಚ್. ಎದುರಾಳಿ ಮಿನ್ನೆಸೋಟಾ. ಅವರ ಪಿಚರ್, ಅಂದರೆ ಬಾಲ್ ಎಸೆಯುವವನು, ಡೇವ್ ವಿನ್‌ಫೀಲ್ಡ್. ಆರೂವರೆ ಅಡಿ ಎತ್ತರದ ಹುಡುಗ. ಆ ವರ್ಷ ಅವನನ್ನು ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಮೂರೂ ಆಟದ ಪ್ರೊಫೆಷನಲ್ ಲೀಗುಗಳು ತಮಗೆ ಬೇಕು ಅಂತ ಆರಿಸಿಕೊಂಡಿದ್ದವು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ ಅಲ್ಲ, ಆದರೂ! ಅಂಥವನು ಅವತ್ತು ಬಾಲ್ ಎಸೆಯುತ್ತಿದ್ದಾನೆ. ಎಂಟು ಇನಿಂಗ್ಸ್ ಮುಗಿದಾಗ ಹದಿನೈದು ಸ್ಟ್ರೈಕ್‌ಔಟ್, ಅಂದರೆ ಹದಿನೈದು ಸಲ ಬ್ಯಾಟ್ ಹಿಡಿದವನು ಬಾಲ್ ಹೊಡೆಯಲಾಗದೆ ಔಟ್. ಯುಎಸ್‌ಸಿಗೆ ಸಿಕ್ಕಿದ್ದು ಒಂದೇ ಹಿಟ್. ಸ್ಕೋರು ಏಳು–ಸೊನ್ನೆ. ಸೊನ್ನೆ ನಮ್ಮ ಕಡೆ.

ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸ್. ಉಳಿದಿರುವುದು ಮೂರು ಔಟ್. ಏಳು ರನ್ ಬೇಕು, ಬರೀ ಸಮ ಮಾಡಿಕೊಳ್ಳುವುದಕ್ಕೆ. ಹಿಂದಿನ ಮೂರು ವರ್ಷಗಳಲ್ಲಿ ಮೂರೂ ಪ್ರಶಸ್ತಿ ಗೆದ್ದು ಬಂದ ಟೀಮು ಇದು. ನಾವಾಗಿದ್ದರೆ ಎಂಟನೇ ಇನಿಂಗ್ಸ್‌ಗೇ ಮಡಚುವ ಕುರ್ಚಿ ಮಡಚಿ, ಕೂಲರ್ ಡಿಕ್ಕಿಗೆ ಹಾಕಿ, ಪಾರ್ಕಿಂಗ್‌ನಿಂದ ಮೊದಲು ಹೊರಗೆ ಬೀಳುವ ಪ್ಲಾನ್ ಮಾಡಿರುತ್ತಿದ್ದೆವು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿ ಒಂದು ವಿಷಯ ಸುಲಭವಾಗಿ ಮನಸ್ಸಿಗೆ ಬರುವುದಿಲ್ಲ. ಒನ್‌ಡೇನಲ್ಲಿ ಕೊನೆಯ ಓವರಿಗೆ ನಲವತ್ತು ಬೇಕು ಅಂದರೆ ಲೆಕ್ಕವೇ ನಿಮ್ಮನ್ನು ಸೋಲಿಸಿಬಿಡುತ್ತದೆ. ಆರು ಸಿಕ್ಸ್ ಹೊಡೆದರೂ ಮೂವತ್ತಾರೇ. ಬೇಸ್‌ಬಾಲ್‌ನಲ್ಲಿ ಓವರ್ ಇಲ್ಲ, ಗಡಿಯಾರ ಇಲ್ಲ. ಮೂರನೇ ಔಟ್ ಆಗುವವರೆಗೆ ರಾತ್ರಿಯಿಡೀ ಆಡಬಹುದು.

ಒಂದು ಹಿಟ್ ಬಂತು. ಇನ್ನೊಂದು ಬಂತು. ಅಷ್ಟು ಹೊತ್ತು ಎಸೆದ ಕೈ ದಣಿದಿತ್ತು. ಮಿನ್ನೆಸೋಟಾ ಕೋಚ್ ವಿನ್‌ಫೀಲ್ಡ್‌ನನ್ನು ಪಿಚಿಂಗ್‌ನಿಂದ ತೆಗೆದು ಲೆಫ್ಟ್ ಫೀಲ್ಡ್‌ಗೆ ಕಳಿಸಿದರು. ಪಾಪ, ಅವನು ಅಲ್ಲಿಂದ ನಿಂತು ನೋಡಿದ. ರನ್ನಿನ ಮೇಲೆ ರನ್. ಅದೇ ಇನಿಂಗ್ಸ್‌ನಲ್ಲಿ ಎಂಟು. ಯುಎಸ್‌ಸಿ ಎಂಟು, ಮಿನ್ನೆಸೋಟಾ ಏಳು. ಮುಂದೆ ಫೈನಲ್‌ನಲ್ಲಿ ಅರಿಜೋನಾ ಸ್ಟೇಟ್ ಮೇಲೆ 4–3. ಸತತ ನಾಲ್ಕನೇ ಪ್ರಶಸ್ತಿ.

ಇದನ್ನು ಹೇಳುವಾಗ ವಿನ್‌ಫೀಲ್ಡ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಸೋತರೂ ಆ ಟೂರ್ನಿಯ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಅವನನ್ನೇ. ಅವತ್ತು ಪಿಚರ್ ಆಗಿದ್ದ ಈ ಹುಡುಗ ಅದೇ ವರ್ಷ ಸ್ಯಾನ್ ಡಿಯಾಗೋ ಪ್ಯಾಡ್ರೆಸ್ ಸೇರಿದ. ಮೇಜರ್ ಲೀಗ್‌ನಲ್ಲಿ ಒಂದು ಮ್ಯಾಚಿಗೂ ಪಿಚ್ ಮಾಡಲಿಲ್ಲ. ಬ್ಯಾಟ್ ಹಿಡಿದು 3,110 ಹಿಟ್ ಹೊಡೆದು ಹಾಲ್ ಆಫ್ ಫೇಮ್‌ಗೆ ಹೋದ. ಹತ್ತು ವರ್ಷದ ಮಗ ಪಿಚರ್ ಆಗಲೇಬೇಕು ಅಂತ ಹಟ ಹಿಡಿದವರು ದಯವಿಟ್ಟು ಇದನ್ನು ಬರೆದುಕೊಳ್ಳಿ.

ಡೀಡೋ ಕಡೆಗೆ ಬರೋಣ. ಏಳು–ಸೊನ್ನೆ ಇರುವಾಗ ಒಂದು ಟೀಮು ಯಾಕೆ ಆಡುತ್ತಲೇ ಇರುತ್ತದೆ? ಹುಡುಗರು ಚೆನ್ನಾಗಿದ್ದರು, ನಿಜ. ಆ ತಂಡದಲ್ಲಿ ಫ್ರೆಡ್ ಲಿನ್ ಇದ್ದರು. 1975ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಪರ ಒಂದೇ ವರ್ಷ ಅತ್ಯುತ್ತಮ ಹೊಸ ಆಟಗಾರ, ಅತ್ಯಂತ ಬೆಲೆಯುಳ್ಳ ಆಟಗಾರ ಎರಡೂ ಆದವರು. ರಾಯ್ ಸ್ಮಾಲಿ ಇದ್ದರು. ಆದರೆ ನನ್ನ ನಂಬಿಕೆ ಬೇರೆ. ಡಗ್‌ಔಟ್‌ನಲ್ಲಿ, ಅಂದರೆ ಮೈದಾನದ ಬದಿಯಲ್ಲಿ ತಂಡ ಕೂರುವ ಜಾಗದಲ್ಲಿ, ಹೆದರಿದ ಕೋಚ್ ಇದ್ದರೆ ಹುಡುಗರಿಗೆ ಅದು ಅಂಟುತ್ತದೆ. ಸೋತರೆ ಕೆಲಸ ಹೋಗುತ್ತದೆ, ಮನೆ ಸಾಲ ಇದೆ ಅನ್ನುವವನು ಏಳು ರನ್ ಹಿಂದಿರುವಾಗ ಏನು ಮಾಡುತ್ತಾನೆ? ನಾಳೆ ಯಾರ ಮೇಲೆ ತಪ್ಪು ಹೊರಿಸಲಿ ಅಂತ ಯೋಚಿಸುತ್ತಾನೆ. ಡೀಡೋಗೆ ಆ ಸಂಬಳ ಬೇಕಿರಲಿಲ್ಲ. ಅದಕ್ಕೇ ಅವರಿಗೆ ಬರೀ ಒಂಬತ್ತನೇ ಇನಿಂಗ್ಸ್ ಮೇಲೆ ಗಮನ ಇಡಲು ಆಗುತ್ತಿತ್ತು.

ಯಾರೋ ತಲೆ ಅಲ್ಲಾಡಿಸುತ್ತಿದ್ದೀರಿ. ಸರಿ, "ದುಡ್ಡಿದ್ದವರಿಗೆ ಇದೆಲ್ಲ ಸುಲಭ" ಅನ್ನುತ್ತೀರಿ. ನೂರಕ್ಕೆ ನೂರು ಒಪ್ಪುತ್ತೇನೆ. ಇನ್ನೂ ಸೇರಿಸುತ್ತೇನೆ. ಮಿನ್ನೆಸೋಟಾದಲ್ಲಿ ಹಿಮ ಬೀಳುವಾಗ ಇಲ್ಲಿನ ಹುಡುಗರು ಬಿಸಿಲಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ಹೈಸ್ಕೂಲ್ ಪ್ರತಿಭೆ ಮನೆ ಬಾಗಿಲಲ್ಲೇ ಇತ್ತು. ಆ ಅನುಕೂಲ ಹಾಗೇ ಉಳಿಯಲಿಲ್ಲ. ಎಪ್ಪತ್ತರ ದಶಕದಲ್ಲಿ ಆಟಗಾರರಿಗೆ ಕೊಡುವ ಸ್ಕಾಲರ್‌ಶಿಪ್ ಸಂಖ್ಯೆಗೆ ಕಡಿವಾಣ ಬಿಗಿಯಾಯಿತು. ಪಕ್ಕದ ಆರೆಂಜ್ ಕೌಂಟಿಯಲ್ಲಿ ಆಗೀ ಗರಿಡೋ 1979ರಲ್ಲಿ ಕ್ಯಾಲ್ ಸ್ಟೇಟ್ ಫುಲರ್ಟನ್‌ಗೆ ಪ್ರಶಸ್ತಿ ತಂದರು. ಡೀಡೋ ಕೊನೆಯ ಸಲ ಗೆದ್ದಿದ್ದು 1978ರಲ್ಲಿ. ಆಮೇಲೆ ಅವರ ತಂಡ ಒಮಾಹಾಗೆ ಹೋಗಲೇ ಇಲ್ಲ. ಎಂಟು ಸೀಸನ್! ಸಂಬಳದ ಕೋಚ್ ಆಗಿದ್ದರೆ ಇಷ್ಟು ದಿನ ಇಟ್ಟುಕೊಳ್ಳುತ್ತಿದ್ದರಾ? ಹೆದರಿಕೆ ಇಲ್ಲದವನು ಎದ್ದು ಹೋಗುವ ಹೊತ್ತನ್ನೂ ದಾಟಿ ಕೂರಬಹುದು. ನನ್ನ ವಾದಕ್ಕೆ ಇದು ಪೆಟ್ಟು ಕೊಡುತ್ತದೆ ಅಂತ ಗೊತ್ತು. ಕೊಡಲಿ ಬಿಡಿ.

ಸ್ಕಾಲರ್‌ಶಿಪ್ ಅಂದ ಕೂಡಲೇ ಹಾಲ್ ಎಚ್ಚರವಾಯಿತು. 1991ರಿಂದ ಮೊನ್ನೆ ಮೊನ್ನೆಯವರೆಗೆ ಡಿವಿಷನ್ ಒಂದರ, ಅಂದರೆ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯ, ಒಂದು ಬೇಸ್‌ಬಾಲ್ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್. ಆ ಪಾಯಿಂಟ್ ಏಳು ಯಾವ ಹುಡುಗನೋ ದೇವರೇ ಬಲ್ಲ. ಅದನ್ನು ತುಂಡು ತುಂಡು ಮಾಡಿ ಇಪ್ಪತ್ತು ಇಪ್ಪತ್ತೈದು ಹುಡುಗರಿಗೆ ಹಂಚುತ್ತಿದ್ದರು. ಈಗ ನಿಯಮ ಬದಲಾಗಿ, ತಂಡದಲ್ಲಿ 34 ಜನ ಅನ್ನುವ ಮಿತಿ ಬಂದಿದೆ. ಬಂದರೂ ಲೆಕ್ಕ ಮಾಡಿ ನೋಡಿ. ಎಂಟನೇ ವಯಸ್ಸಿನಿಂದ ಊರೂರು ತಿರುಗಿ ಆಡುವ ಟ್ರಾವೆಲ್ ಟೀಮು, ಪ್ರೈವೇಟ್ ಪಿಚಿಂಗ್ ಪಾಠ, ಹೋಟೆಲು, ಪೆಟ್ರೋಲು. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ನೀವೇ ಮಗನಿಗೆ ಸ್ಕಾಲರ್‌ಶಿಪ್ ಕೊಡಬಹುದಿತ್ತು, ಅವನು ಹೋಮ್ ರನ್ ಹೊಡೆಯದಿದ್ದರೂ.

ಟಾಮ್ ಸೀವರ್ ಗೊತ್ತಲ್ಲ, ಮೆಟ್ಸ್ ತಂಡದ ದೊಡ್ಡ ಪಿಚರ್. ಫ್ರೆಸ್ನೋ ಹುಡುಗ. ಹೈಸ್ಕೂಲ್‌ನಲ್ಲಿ ಸಣ್ಣಗಿದ್ದ. ದೊಡ್ಡ ಕಾಲೇಜುಗಳು ತಿರುಗಿ ನೋಡಲಿಲ್ಲ. ಫ್ರೆಸ್ನೋದ ಕಮ್ಯುನಿಟಿ ಕಾಲೇಜಿನಲ್ಲಿ ಆಡಿದ. ಡೀಡೋ ಅವನನ್ನು ನೋಡಿದರು. ಸ್ಕಾಲರ್‌ಶಿಪ್ ಕೊಡುವ ಮೊದಲು 1964ರ ಬೇಸಿಗೆಯಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ, ಗೋಲ್ಡ್‌ಪ್ಯಾನರ್ಸ್ ಅನ್ನುವ ತಂಡಕ್ಕೆ ಕಳಿಸಿದರು. ಅಲ್ಲಿ ಜೂನ್ ತಿಂಗಳಲ್ಲಿ ರಾತ್ರಿಯೂ ಬೆಳಕಿರುವುದರಿಂದ, ರಾತ್ರಿ ಹತ್ತರ ಮೇಲೆ ಮ್ಯಾಚ್ ಶುರು ಮಾಡಿ, ಒಂದು ದೀಪವನ್ನೂ ಹಚ್ಚದೆ ಆಡುವ ಪದ್ಧತಿ ಇದೆ. ಅಲ್ಲಿ ಚೆನ್ನಾಗಿ ಆಡಿ ಬಂದ. ಯುಎಸ್‌ಸಿಗೆ ಆಡಿದ್ದು 1965ರ ಒಂದೇ ಸೀಸನ್. ಮೇಜರ್ ಲೀಗ್‌ನಲ್ಲಿ 311 ಗೆಲುವು. ಡೀಡೋ ಅವಸರ ಮಾಡಲಿಲ್ಲ, ಸುಮ್ನೆ ಆಶ್ವಾಸನೆಯನ್ನೂ ಕೊಡಲಿಲ್ಲ. ಹೋಗು, ಆಡು, ನೋಡೋಣ ಅನ್ನುವ ರೀತಿ. ಅವರಿಗೆ ಆ ಸಂಬಳ... ಸರಿ, ನೀವೇ ಹೇಳುತ್ತಿದ್ದೀರಿ. ಪಾಠ ಚೆನ್ನಾಗಿ ಬಂದಿದೆ.

ಚೀಟಿ ಬಂತು. ಐದು ನಿಮಿಷ ಅಂತೆ. ಆರು ಅಂಶ ಬರೆದುಕೊಂಡು ಬಂದಿದ್ದೆ, ಮೂರರಲ್ಲಿದ್ದೇನೆ.

ಬೇಗ ಬೇಗ ಹೇಳುತ್ತೇನೆ. ರ‍್ಯಾಂಡಿ ಜಾನ್ಸನ್: ಆರು ಅಡಿ ಹತ್ತು ಇಂಚಿನ ಪಿಚರ್, ಡೀಡೋ ಕೈಯಲ್ಲಿದ್ದಾಗ ಬಾಲ್ ಎಲ್ಲಿಗೆ ಹೋಗುತ್ತದೋ ಅವನಿಗೇ ಗೊತ್ತಿರಲಿಲ್ಲ. ಆದರೂ ಬಾಲ್ ಕೈಯಿಂದ ಕಿತ್ತುಕೊಳ್ಳಲಿಲ್ಲ. ಮುಂದೆ 303 ಗೆಲುವು. ಮಾರ್ಕ್ ಮಗ್ವೈರ್: ಪಿಚರ್ ಆಗಿ ಬಂದ, ಹೋಮ್ ರನ್ ಹೊಡೆಯುವವನಾಗಿ ಹೋದ. ಆಮೇಲೆ ಮೇಜರ್ ಲೀಗ್‌ನಲ್ಲಿ ಸ್ಟೆರಾಯ್ಡ್ ತೆಗೆದುಕೊಂಡ ಕಥೆ ನಿಮಗೆ ಗೊತ್ತು, ಅದನ್ನು ಕಾಲೇಜಿನ ಲೆಕ್ಕಕ್ಕೆ ಹಾಕುವುದು ಬೇಡ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್: ಬೇಸ್‌ಬಾಲ್ ಪ್ರದರ್ಶನದ ಆಟವಾಗಿತ್ತು. ಅಮೆರಿಕ ತಂಡಕ್ಕೆ ಡೀಡೋ ಕೋಚ್. ಡಾಡ್ಜರ್ ಸ್ಟೇಡಿಯಂನಲ್ಲಿ, ಸ್ವಂತ ಊರಿನಲ್ಲಿ, ಜಪಾನ್ ಎದುರು ಫೈನಲ್ ಸೋತರು. ಜಪಾನಿನ ಕಾಲೇಜು ತಂಡಗಳ ಜೊತೆ ವರ್ಷಗಟ್ಟಲೆ ಸ್ನೇಹ ಬೆಳೆಸಿದವರಲ್ಲಿ ಇವರೂ ಒಬ್ಬರು ಅನ್ನುವುದನ್ನು ವಿವರಿಸಬೇಕಿತ್ತು. ಆಗುವುದಿಲ್ಲ.

1986ರಲ್ಲಿ, 72ನೇ ವಯಸ್ಸಿನಲ್ಲಿ ನಿವೃತ್ತರಾದರು. 1999ರಲ್ಲಿ ಕಾಲೇಜು ಬೇಸ್‌ಬಾಲ್‌ನ ಶತಮಾನದ ಕೋಚ್ ಅಂತ ಗೌರವ ಬಂತು. 2006ರ ಜನವರಿಯಲ್ಲಿ ತೀರಿಕೊಂಡರು.

ಅವರ ನಂತರ ಯುಎಸ್‌ಸಿ ಕೋಚ್ ಆದವರು ಮೈಕ್ ಗಿಲೆಸ್ಪಿ. ಡೀಡೋ ಅವರ 1961ರ ಚಾಂಪಿಯನ್ ತಂಡದಲ್ಲಿ ಆಡಿದ್ದ ಹುಡುಗ. ಅವರು 1998ರಲ್ಲಿ ಯುಎಸ್‌ಸಿಗೆ ಹನ್ನೆರಡನೇ ಪ್ರಶಸ್ತಿ ತಂದರು. ಎದುರಾಳಿ ಅದೇ ಅರಿಜೋನಾ ಸ್ಟೇಟ್, ಸ್ಕೋರು 21–14. ಬೇಸ್‌ಬಾಲ್ ಸ್ಕೋರೇ ಇದು, ಫುಟ್‌ಬಾಲ್ ಅಲ್ಲ, ನಾನು ಎರಡು ಸಲ ನೋಡಿಕೊಂಡಿದ್ದೇನೆ. ಅಲ್ಲಿಂದ ಇಲ್ಲಿಯವರೆಗೆ ಹದಿಮೂರನೆಯದು ಬಂದಿಲ್ಲ. ಯಾಕೆ ಬಂದಿಲ್ಲ ಅನ್ನುವುದರ ಬಗ್ಗೆ ನನಗೆ ಬಲವಾದ ಅಭಿಪ್ರಾಯಗಳಿವೆ. ಬಿಸಿಬೇಳೆಬಾತ್ ಸಾಲಿನಲ್ಲಿ ನನ್ನ ಹಿಂದೆ ನಿಂತವರಿಗೆ ಹೇಳುತ್ತೇನೆ. ನಮಸ್ಕಾರ.