ಕಲ್ಲು ಮುಗಿದು ಹಲಗೆ ಶುರುವಾಗುವ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಗರಬಾವಿ ಕಡೆ ಹೋಗಿ, ಯಲಹಂಕದ ಕಡೆ ಹೋಗಿ, ಹೊಸ ಮನೆ ಎದ್ದಲ್ಲೆಲ್ಲ ಮುಂಭಾಗದ ಗೋಡೆಗೆ ನಾಲ್ಕೈದು ಬಗೆಯ ಹೊದಿಕೆ. ಕೆಳಗೆ ಸಾದರಹಳ್ಳಿ ಕಲ್ಲು, ಪಕ್ಕದಲ್ಲಿ ಇಟ್ಟಿಗೆ ಬಣ್ಣದ ಟೈಲ್ಸು, ಮೇಲೆ ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡಿದ, ಮರದಂತೆ ಕಾಣುವ ಎಚ್‌ಪಿಎಲ್ ಹಲಗೆ, ಬಾಲ್ಕನಿಗೆ ಗಾಜು. ಮನೆ ಕಟ್ಟಿಸುವವರ ಬಾಯಲ್ಲಿ ಇದಕ್ಕೆ ‘ಎಲಿವೇಷನ್’ ಅಂತ ಹೆಸರು. ಆದರೆ 30×40ರ ಸೈಟಿನಲ್ಲಿ ಮುಂಭಾಗ ಅಂದರೆ ಸುತ್ತ ಬಿಡುವ ಜಾಗವನ್ನೂ ಸೇರಿಸಿ 30 ಅಡಿ. ಅಷ್ಟರೊಳಗೆ ಐದು ವಸ್ತು ತುಂಬಿದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಎರಡು, ಹೆಚ್ಚೆಂದರೆ ಮೂರು ಸಾಕು ಅಂತ ನಾನು ಹೇಳುತ್ತೇನೆ.

ಬಸವನಗುಡಿ, ಮಲ್ಲೇಶ್ವರದಲ್ಲಿ ಉಳಿದಿರುವ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ನೆಲದಿಂದ ಎರಡಡಿ ಕಲ್ಲು, ಅದರ ಮೇಲೆ ಗಾರೆ ಬಳಿದ ಗೋಡೆ, ಮೇಲೆ ಮಂಗಳೂರು ಹೆಂಚು. ಅಲ್ಲಿಯೂ ಮೂರು ವಸ್ತು. ಮಳೆ ನೆಲಕ್ಕೆ ಬಿದ್ದು ಸಿಡಿಯುವ ಜಾಗದಲ್ಲಿ ಕಲ್ಲು, ಗೋಡೆಗೆ ನೀರು ತಾಗದಂತೆ ಮುಂದೆ ಚಾಚಿದ ಹೆಂಚು. ಬಿಳೇಕಹಳ್ಳಿಯ ಐಐಎಂನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಒರಟು ಕಲ್ಲನ್ನೂ ಕಾಂಕ್ರೀಟನ್ನೂ ಮುಚ್ಚದೆ ಹಾಗೆಯೇ ಬಿಟ್ಟರು. ಅಷ್ಟು ದೊಡ್ಡ ಆವರಣಕ್ಕೆ ಅವೆರಡೇ ಮುಖ್ಯವಾದವು.

ವಸ್ತು ಆರಿಸುವುದು ಕಷ್ಟವಲ್ಲ. ಎರಡು ವಸ್ತು ಕೂಡುವ ಗೆರೆಯಲ್ಲೇ ಮನೆ ಕೆಡುವುದು. ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಕೆಳಗೆ ಕಲ್ಲು, ಮೇಲೆ ಹಲಗೆ ಹಾಕಿಸಿದ್ದೆವು. ಕಲ್ಲು ಹಲಗೆಗಿಂತ ಒಂದೂವರೆ ಇಂಚು ಮುಂದೆ ಬಂದಿತ್ತು. ಎರಡನೇ ಮಳೆಗಾಲಕ್ಕೆ ಅಮ್ಮನ ಮಂಚ ತಾಗಿದ್ದ ಗೋಡೆ ತೇವವಾಗಿ ಬಣ್ಣ ಉಬ್ಬಿತು. ಬಚ್ಚಲ ಪೈಪ್ ಸೋರುತ್ತಿದೆ ಅಂದುಕೊಂಡು ಟೈಲ್ಸ್ ಒಡೆಸಿದೆವು. ಪೈಪ್ ಸರಿಯಾಗಿತ್ತು. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು ಏಣಿ ಹತ್ತಿ, ಕಲ್ಲಿನ ತಲೆಯ ಮೇಲೆ ಬೆರಳಾಡಿಸಿ, “ಅಮ್ಮಾ, ನೀರಿಗೆ ಕೂತ್ಕೊಳ್ಳೋಕೆ ಜಗುಲಿ ಕಟ್ಟಿಕೊಟ್ಟಿದ್ದೀರಲ್ಲಾ” ಅಂದರು. ಹಲಗೆಯಿಂದ ಇಳಿದ ನೀರು ಅಲ್ಲೇ ನಿಂತು, ಕಲ್ಲಿನ ಹಿಂದಕ್ಕೆ ಇಳಿಯುತ್ತಿತ್ತು.

ಅವರು ಕೆಳಗಿನ ಹಲಗೆ ಬಿಚ್ಚಿ, ಮಡಿಸಿದ ಅಲ್ಯೂಮಿನಿಯಂ ತಗಡು ಕೂರಿಸಿದರು. ಮೇಲಿನ ಅಂಚು ಹಲಗೆಯ ಹಿಂದೆ, ಕೆಳಗಿನ ಅಂಚು ಇಳಿಜಾರಾಗಿ ಕಲ್ಲಿನ ಮುಂದೆ. ತುದಿ ಸ್ವಲ್ಪ ಕೆಳಗೆ ಬಾಗಿದ್ದರಿಂದ ಹನಿ ಅಲ್ಲಿಂದಲೇ ಕಳಚಿ ಬೀಳುತ್ತದೆ. ಅರ್ಧ ದಿನದ ಕೆಲಸ. ಕಟ್ಟುವಾಗಲೇ ಮಾಡಿದ್ದರೆ ಅಮ್ಮ ಎರಡು ತಿಂಗಳು ಕೋಣೆ ಬದಲಿಸಬೇಕಿರಲಿಲ್ಲ.

ಕೂಡುಗೆರೆಗೆ ಸಿಮೆಂಟು ಒತ್ತಿ ತುಂಬಿದರೆ ಗಟ್ಟಿ ಅನ್ನುವ ನಂಬಿಕೆಯೂ ತಪ್ಪು. ಬಿಸಿಲಿಗೆ ಎಲ್ಲ ವಸ್ತುವೂ ಹಿಗ್ಗುತ್ತದೆ, ಆದರೆ ಒಂದೇ ಅಳತೆಯಲ್ಲಲ್ಲ. 3 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ, ಗ್ರಾನೈಟ್ ಒಂದು ಮಿಲಿಮೀಟರೂ ಬೆಳೆಯದು. ಏಪ್ರಿಲ್‌ನ ಮಧ್ಯಾಹ್ನ ಪಡುವಣ ಗೋಡೆ ಮುಟ್ಟಿ ನೋಡಿದವರಿಗೆ ಈ ಕಾವು ಗೊತ್ತು. ಸಿಮೆಂಟು ಬಿರುಕು ಬಿಡುತ್ತದೆ, ಸಂಜೆಯ ಓರೆಮಳೆ ಆ ಬಿರುಕಿಗೆ ಹೋಗುತ್ತದೆ. ಹಾಗಾಗಿ 8ರಿಂದ 10 ಮಿಲಿಮೀಟರ್ ಸಂದು ಬಿಟ್ಟು, ಒಳಗೆ ಫೋಮ್ ಹಗ್ಗ ಕೂರಿಸಿ, ಮೇಲೆ ಸಿಲಿಕೋನ್ ತುಂಬಿಸಿ. ಕಲ್ಲಿನ ಪಕ್ಕಕ್ಕೆ ಕಲೆ ಮಾಡದ ಸಿಲಿಕೋನ್ ಎಂದು ಕೇಳಿ ತನ್ನಿ. ಸಾಮಾನ್ಯದ್ದರ ಎಣ್ಣೆ ಕಲ್ಲಿಗೆ ಇಳಿದು ಕಪ್ಪು ಅಂಚು ಬಂದರೆ ತೊಳೆದು ತೆಗೆಯುವುದು ಬಲು ಕಷ್ಟ.

ವಸ್ತು ಬದಲಿಸುವುದಾದರೆ ಒಳಮೂಲೆಯಲ್ಲಿ ಬದಲಿಸಿ. ಹೊರಮೂಲೆಯಲ್ಲಿ ಕಲ್ಲಿನ ದಪ್ಪ ಕಂಡುಬಿಟ್ಟು ಅಂಟಿಸಿದ್ದು ಅಂತ ಬೀದಿಗೇ ಗೊತ್ತಾಗುತ್ತದೆ. ಇನ್ನು ತೂಕ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಮೀಟರಿಗೆ 50 ಕಿಲೋಗೂ ಹೆಚ್ಚು. ಮಕ್ಕಳು ಓಡಾಡುವ ಗೇಟಿನ ಮೇಲಿನ ಗೋಡೆಯಲ್ಲಿ ಅದನ್ನು ಬರೀ ಅಂಟಿನಲ್ಲಿ ನಿಲ್ಲಿಸಬೇಡಿ. ಸ್ಟೇನ್‌ಲೆಸ್ ಸ್ಟೀಲಿನ ಕ್ಲಾಂಪು ಹಾಕಿಸಿ.

ಸಾರುವೆ ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ಪೈಪ್ ಹಿಡಿದು ಗೋಡೆಗೆ ನೀರು ಬಿಡಿ, ಕೆಳಗಿನ ಸಂದಿನಿಂದ ಶುರುಮಾಡಿ ಒಂದೊಂದೇ ಮೇಲಕ್ಕೆ. ಮನೆಯವರೊಬ್ಬರು ಒಳಗೆ ನಿಂತು ಗೋಡೆಗೆ ಕೈ ಇಟ್ಟಿರಲಿ. ತೇವ ಬಂದ ಕೂಡಲೇ ಕೂಗಲಿ, ಸೋರುವ ಸಂದು ಯಾವುದೆಂದು ಆಗಲೇ ಸಿಗುತ್ತದೆ. ಮೇಸ್ತ್ರಿಯೂ ಅಲ್ಲೇ ಇರುತ್ತಾರೆ.

ನಮಸ್ಕಾರ.